ಕೈ ಮುಗಿಸಿಕೊಳ್ಳುತ್ತಿದ್ದ ಯಂತ್ರ

ಮುಂಬೈ ಪಕ್ಕದ ಕಳಂಬೋಲಿಯ ಆ ಕಾರ್ಖಾನೆಯಲ್ಲಿ ಉಕ್ಕಿನ ತಗಡು ಕತ್ತರಿಸುವ ಯಂತ್ರಕ್ಕೆ ಎಲ್ಲರೂ ಕೈ ಮುಗಿಯುತ್ತಿದ್ದರು. ಆಯುಧಪೂಜೆಯ ದಿನ ಅಲ್ಲ ಸ್ವಾಮೀ, ದಿನಾ! ನಿಂತ ಯಂತ್ರಕ್ಕೆ ರಿಸೆಟ್ ಒತ್ತಿದಾಗಲೆಲ್ಲ ಆಪರೇಟರ್ ಹಿಂದೆ ಸರಿದು ಎರಡೂ ಕೈ ಜೋಡಿಸಿ ನಿಲ್ಲುತ್ತಿದ್ದ. ಆಮೇಲೇ ಕೆಲಸ.

"ಏನು ಭಕ್ತಿ ನಿಮ್ದು!" ಎಂದು ಕಾಲೆಳೆದಿದ್ದೆ. ಅಲ್ಲಿನ ಹಿರಿಯ ಆಪರೇಟರ್ ಉಡುಪಿ ಕಡೆಯವರು. "ಹೊಸಬರಿಗೂ ಕಲಿಸ್ತೇವೆ ಮೇಡಂ," ಎಂದು ನಕ್ಕಿದ್ದರು.

ಆ ಯಂತ್ರವನ್ನು ನಡೆಸುವ ಕಂಟ್ರೋಲರಿನ ಪ್ರೋಗ್ರಾಮಿನಲ್ಲಿ ಸಣ್ಣ ಬದಲಾವಣೆ ಮಾಡಲು ಠಾಣೆಯ ನಮ್ಮ ಕಂಪನಿ ನನ್ನನ್ನು ಕಳಿಸಿತ್ತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆದು ಬಂದವಳು ನಾನು. ಮೊದಲು ಕಾಗದದ ಮೇಲೆ ವಿನ್ಯಾಸ, ಆಮೇಲೆ ಕೋಡ್ ಎಂಬುದು ನನ್ನ ಹಟ. ಇಲ್ಲಿ ನೋಡಿದರೆ ಯಾರೋ ಬರೆದದ್ದಕ್ಕೆ ಇನ್ಯಾರೋ ತೇಪೆ, ಅದರ ಮೇಲೆ ಮತ್ತೊಂದು ತೇಪೆ. "ಚಲ್ತಾ ಹೈ ತಾನೆ? ಯಾಕಮ್ಮಾ ಕೆದಕ್ತೀಯಾ?" ಎನ್ನುತ್ತಿದ್ದರು ಮೈಸೂರು ಕಡೆಯ ನಮ್ಮ ಬಾಸ್.

ನಾನು ಕೇಳಿದರೆ ತಾನೆ! ಒಂದು ಭಾನುವಾರ ಖಾರಘರದ ನನ್ನ ಮನೆಯಲ್ಲಿ ಕೂತು ಚಿತ್ರ ಬಿಡಿಸಿದೆ. ಕಾಯುವುದು, ತಗಡು ಹಿಡಿಯುವುದು, ಕತ್ತರಿಸುವುದು, ನಿಲ್ಲುವುದು: ಯಂತ್ರದ ಒಂದೊಂದು ಸ್ಥಿತಿಗೂ ಒಂದು ಚೌಕ. ಏನು ಒತ್ತಿದರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬಾಣ. ಹಾಗೆ ಒಂದು ಬಾಣ ಎಳೆದವಳು ಪೆನ್ಸಿಲ್ ಅಲ್ಲೇ ನಿಲ್ಲಿಸಿದೆ. ಬ್ಲೇಡ್ ಇಳಿಯುತ್ತಿರುವಾಗಲೇ ಯಂತ್ರ ನಿಲ್ಲಿಸಿದರೆ, 'ಕತ್ತರಿಸು' ಎಂಬ ಆಜ್ಞೆ ಅಳಿಯದೆ ಒಳಗೇ ಉಳಿಯುತ್ತಿತ್ತು. ಆಮೇಲೆ ರಿಸೆಟ್ ಒತ್ತಿದ ಎರಡು ಕ್ಷಣಕ್ಕೆ, ಬೇರೆ ಯಾವ ಬಟನ್ನೂ ಇಲ್ಲದೆ ಬ್ಲೇಡ್ ಧಡ್ ಎಂದು ಇಳಿಯುತ್ತದೆ. ಅಯ್ಯೋ ದೇವರೇ, ಸೊಟ್ಟಗಾದ ತಗಡು ಸರಿಪಡಿಸಲು ಹೋದವನ ಕೈ ಅದರ ಕೆಳಗಿದ್ದರೆ?

ಉಡುಪಿಯ ಆಪರೇಟರ್‌ಗೆ ಫೋನ್ ಮಾಡಿ, ಬ್ಲೇಡ್ ತಾನಾಗಿ ಇಳಿದದ್ದುಂಟೇ ಎಂದು ಕೇಳಿದೆ.

"ಹೌದು ಮಾರಾಯ್ರೆ, ಒಮ್ಮೊಮ್ಮೆ ಅದು ತನ್ನಷ್ಟಕ್ಕೇ ಒಂದು ಹೊಡೀತದೆ. ಸಿಟ್ಟು ಜಾಸ್ತಿ ಅದಕ್ಕೆ. ಹಾಗಾಗಿಯೇ ಅಲ್ವಾ ಕೈ ಮುಗಿಯುದು?"

ಮುಗಿದ ಕೈಗಳು ಬ್ಲೇಡಿನ ಕೆಳಗೆ ಇರುವುದಿಲ್ಲ. ಆ ಜನರ ಬೆರಳು ಉಳಿಸಿದ್ದು ನಮ್ಮ ಪ್ರೋಗ್ರಾಂ ಅಲ್ಲ, ನಾನು ಗೇಲಿ ಮಾಡಿದ ಆ ನಮಸ್ಕಾರ. ತಕ್ಷಣ ಬಾಸ್‌ಗೆ ಫೋನ್ ಹಚ್ಚಿದೆ.

"ಸರ್, ಇದೇ ಪ್ರೋಗ್ರಾಂ ಬೇರೆ ಎಲ್ಲಾದ್ರೂ ಇದೆಯಾ?"

"ಕಲ್ಯಾಣದ ಕಾರ್ಖಾನೆಯ ಮಷಿನ್‌ಗೂ ಅದನ್ನೇ ಕಾಪಿ ಮಾಡಿದ್ವಲ್ಲ. ಚೆನ್ನಾಗಿ ಓಡ್ತಿತ್ತು. ಏನೀಗ?"

ಪ್ರೋಗ್ರಾಂ ಏನೋ ಕಾಪಿ ಆಗಿತ್ತು, ಕೈ ಮುಗಿಯುವುದನ್ನು ಅಲ್ಲಿಯವರಿಗೆ ಯಾರು ಕಲಿಸಿದ್ದರು? ಕಲ್ಯಾಣದ ಸೂಪರ್‌ವೈಸರ್ ಗದಗದ ಕಡೆಯವರು. ನಾನು ಬರುವವರೆಗೆ ಆ ಯಂತ್ರದ ರಿಸೆಟ್ ಯಾರೂ ಮುಟ್ಟಬಾರದು ಎಂದು ಅವರಿಗೆ ಫೋನಿನಲ್ಲಿ ಹೇಳಿ, ಕಾರಣವನ್ನೂ ಹೇಳಿದೆ.

"ಅಂವಾ ಹೇಳಿದ್ದು ಖರೇನ ಆತಲ್ರೀ ಮೇಡಂ."

"ಯಾರು?"

"ನಮ್ಮ ಆಪರೇಟರ್ ಇದ್ದಾ. ಬೆರಳ ಹೋದಾಗ, ಬ್ಲೇಡ್ ತಾನ ಬಂತು ಅಂದಾ. ನಾವ್ ಯಾರೂ ನಂಬಲಿಲ್ರೀ. ನಿಂದ ತಪ್ಪು ಅಂದ್ವಿ. ಈಗ ಇಲ್ಲೇ ಗೇಟಿನ್ಯಾಗ ವಾಚ್‌ಮನ್ ಅದಾನ."

ಮರುದಿನ ಬೆಳಿಗ್ಗೆ ಆ ಗೇಟಿನ ಮುಂದೆ ರಿಕ್ಷಾ ಇಳಿದೆ. ಆ ವಾಚ್‌ಮನ್ ಎದ್ದು ನಿಂತು ಎಡಗೈಯಲ್ಲಿ ಸಲಾಮ್ ಹೊಡೆದ. ಬಲಗೈ ಜೇಬಿನಲ್ಲಿತ್ತು. ಕೈ ಮುಗಿಯಲು ಹೊರಟ ನಾನು ಎರಡೂ ಕೈ ಕೆಳಗಿಳಿಸಿದೆ. ತಪ್ಪು ನಿಮ್ಮದಲ್ಲ, ನಮ್ಮ ಪ್ರೋಗ್ರಾಮಿನದು ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ.

"ನಾನೂ ಅದನ್ನೇ ಹೇಳಿದ್ದೆ ಮೇಡಂ," ಎಂದು ಅವನು ಹಿಂದಿಯಲ್ಲೇ ಹೇಳಿ, ಗೇಟು ತೆರೆದ.