ಚೌತಿ ಚಂದ್ರನೂ ಒಂದು ಒಡಕು ಹೆಂಚೂ

ಗೆಳೆಯರೆ, ನನ್ನ ಬರೆಯುವ ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಿಟ್ಟಿರುವ ಅಂಗೈಯಗಲದ ಹೆಂಚಿನ ಚೂರನ್ನು ನೋಡಿದವರೆಲ್ಲ, ಇದು ಮಧುಗಿರಿಯ ಕೋಟೆಯಲ್ಲಿ ಸಿಕ್ಕಿದ್ದೇ ಎಂದು ಬಲು ಗೌರವದಿಂದ ಕೇಳುತ್ತಾರೆ. ಅಲ್ಲ, ಇದು ನಮ್ಮ ಕಾಯಿಹಾಲಿನ ತಪ್ಪಲೆಯಲ್ಲಿ ಸಿಕ್ಕಿದ್ದು.

ಆಗ ನಾನು ಮಧುಗಿರಿಯ ಶಾಲೆಗೆ ಹೊಸ ಮೇಷ್ಟ್ರು. ಹೊಸ ಮೇಷ್ಟ್ರಿಗೆ ಗೊತ್ತಿಲ್ಲದ ವಿಷಯವೇ ಇರುವುದಿಲ್ಲ. ಗೊತ್ತಿರುವುದನ್ನು ಮನೆಗೂ ಹೊತ್ತು ತರುವ ಚಟ ಬೇರೆ. ಚಂದ್ರನು ಭೂಮಿಗೆ ಅತಿ ಹತ್ತಿರದ ನೆರೆಯವನು, ಸುಮಾರು ಎರಡು ಲಕ್ಷ ನಲವತ್ತು ಸಾವಿರ ಮೈಲಿ ಮಾತ್ರ, ಎಂದು ಪಾಠ ಹೇಳಿದ ಉಮೇದು ಇಳಿಯುವ ಮೊದಲೇ ಗಣೇಶನ ಹಬ್ಬ ಬಂತು. ಆ ಸಂಜೆ ಊರಿಗೂರೇ ನೆಲ ನೋಡಿಕೊಂಡು ನಡೆಯುತ್ತಿತ್ತು. ಚೌತಿಯ ಚಂದ್ರನನ್ನು ಕಂಡವರಿಗೆ ಮಾಡದ ಕಳವಿನ ಅಪವಾದ ತಪ್ಪದಲ್ಲ! ನಾನೋ ಹಿತ್ತಿಲಲ್ಲಿ ನಿಂತು ಆಕಾಶಕ್ಕೆ ಬೆರಳು ಚಾಚಿ, ಏಳು ತಿಂಗಳ ಬಸುರಿ ಹೆಂಡತಿಯನ್ನು, "ಪಾರ್ವತೀ, ಬಾ ಬಾ, ನಮ್ಮ ನೆರೆಯವರು ಬಂದಿದ್ದಾರೆ!" ಎಂದು ಕೂಗಿದೆ. ಅವಳು, ಪಾಪ, ನೆರೆಮನೆಯ ಈರಜ್ಜಿಯೇ ಬಂದಳೆಂದು ಆಸೆಯಿಂದ ಓಡಿಬಂದು ತಲೆಯೆತ್ತಿಬಿಟ್ಟಳು.

ಆ ಆಸೆಗೆ ಕಾರಣವಿತ್ತು. ಈರಜ್ಜಿ ನಮ್ಮ ಕೇರಿಯ ಮಕ್ಕಳನ್ನೆಲ್ಲ ಭೂಮಿಗಿಳಿಸಿದ ಸೂಲಗಿತ್ತಿ. ಇಳಿಸಿದವರನ್ನೆಲ್ಲ ಬೈದೇ ಬೆಳೆಸಿದವಳು. ನಾಗಲಮಡಿಕೆಯ ತವರಿನಲ್ಲಿ ತಾಯಿಯಿಲ್ಲದ ಪಾರ್ವತಿಗೆ ಚೊಚ್ಚಲ ಹೆರಿಗೆಗೆ ಅವಳೇ ದಿಕ್ಕು. ಆದರೆ ಗೋಡೆ ಹತ್ತಿ ಆಚೆಗಿಳಿದ ನಮ್ಮ ಹೀರೆಬಳ್ಳಿಯ ಕಾಯಿ ಯಾರದೆಂಬ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ಮೂರು ತಿಂಗಳಾಗಿತ್ತು; ಮೊದಲು ಬಾಯಿ ತೆರೆದವರು ಸೋತಂತೆ. ಎದೆಮಟ್ಟದ ಆ ಗೋಡೆಯ ಮುಂದೆ ನನ್ನ ಲಕ್ಷಾಂತರ ಮೈಲಿ ಏನೂ ಅಲ್ಲ. ಹೆರಿಗೆಗೆ ಉಳಿದ ದಿನಗಳನ್ನು ನಾನು ಬೆರಳು ಮಡಿಸಿ ಎಣಿಸುತ್ತಿದ್ದೆ.

"ಅಯ್ಯೋ ದೇವುಡಾ, ನೋಡ್ಬುಟ್ನಲ್ಲ! ಹುಟ್ಟೋ ಕೂಸಿಗೂ ಕಳ್ರು ಅನ್ನೋ ಹೆಸ್ರು ತಂದಿಟ್ರಲ್ಲ!" ಎಂದು ಪಾರ್ವತಿ ಅಳತೊಡಗಿದಳು. ಇದಕ್ಕೆ ಪರಿಹಾರವೂ ಒಂದುಂಟು: ನೆರೆಮನೆಯ ಹೆಂಚಿಗೆ ಕಲ್ಲೆಸೆದು ಬೈಸಿಕೊಂಡರೆ ಅಪವಾದ ಆ ಬೈಗುಳದಲ್ಲೇ ತೊಳೆದುಹೋಗುತ್ತದೆ. ಅವಳು ಒಂದು ಕಲ್ಲೆಸೆದಳು. ಸದ್ದಿಲ್ಲ. ಇನ್ನೊಂದೆಸೆದಳು. ಕೊರಟಗೆರೆಯವರೆಗೆ ಕೇಳಿಸುವ ಆ ಬಾಯಿ ಅಂದು ಹೊಲಿದುಕೊಂಡಿತ್ತು. ಬದಲಿಗೆ ನಮ್ಮ ಹೆಂಚಿನ ಮೇಲೇ ಟಣ್ಣೆಂದು ಒಂದು ಕಲ್ಲು ಬಿತ್ತು! ಇವಳು ಎಸೆದಳು, ಅತ್ತಣಿಂದಲೂ ಬಂತು. ನನ್ನ ವಿಜ್ಞಾನದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಕೊನೆಗೊಂದು ಕಲ್ಲಿಗೆ ಅಡುಗೆಮನೆಯ ಹೆಂಚೊಡೆದು, ಚೂರು ಕಾಯಿಹಾಲಿಗೆ ಧುಮುಕಿತು.

"ಯಾವೋಳೇ ಅವ್ಳು! ನಿನ್ನ ಕೈ ಸೇದೋಗ!" ಎಂದು ಪಾರ್ವತಿ ಗೋಡೆಯತ್ತ ಗುಡುಗಿದಳು.

ಗೋಡೆಯಾಚೆ ಈರಜ್ಜಿಯ ನಿಟ್ಟುಸಿರು ಕೇಳಿಸಿತು. "ಅಬ್ಬ, ಬೈದ್ಯಲ್ಲ ತಾಯಿ, ಬದುಕ್ಕಂಡೆ! ಮೇಷ್ಟ್ರು ನೆರೆಯೋರು ಅಂತ ಕೂಗಿದ್ರು. ನನ್ನೇ ಅಂದ್ರೇನೋ ಅಂತ ಇಣುಕಿ, ಬೆಟ್ಟು ಮಾಡಿದ್ ಕಡೆ ನಾನೂ ನೋಡ್ಬುಟ್ಟೆ ಕಣಮ್ಮ. ಈ ಊರಾಗೆ ನನ್ನ ಬೈಯೋ ಗುಂಡಿಗೆ ಯಾರಿಗೈತೆ?"

"ನಂಗೂ ಬೈಯಿ ಅಜ್ಜಿ" ಎಂದಳು ಪಾರ್ವತಿ, ಅಳುತ್ತಲೇ ನಗುತ್ತ.

ಬೈದಳು ನೋಡಿ! ಹೀರೆಬಳ್ಳಿಯಿಂದ ಹಿಡಿದು ನನ್ನ ಮೀಸೆಯವರೆಗೆ, ಮೂರು ತಿಂಗಳು ನುಂಗಿಕೊಂಡದ್ದನ್ನೆಲ್ಲ ಸುರಿದು, "ಬಸ್ರಿ ಹೆಂಗ್ಸು ಇಂಗೆ ಥಂಡೀಲಿ ನಿಂತವ್ಳೆ, ಒಳಕ್ ನಡಿ, ಕಾಲು ನೀವ್ತೀನಿ" ಎಂದು ಗೋಡೆ ಬಳಸಿ ಬಂದಳು. ಎರಡು ತಿಂಗಳ ಮೇಲೆ ನಮ್ಮ ಮಗಳು ಅವಳ ಕೈಗೇ ಬಂದಳು, ಬರುತ್ತಲೇ ಬೈಸಿಕೊಂಡಳು.

ಚಂದ್ರ ದೂರವಿದ್ದರೂ ಅವನ ಮೇಲೆ ನನಗೆ ದೂರಿಲ್ಲ. ಸದಾ ಒಂದೇ ಮುಖ ತೋರಿಸುತ್ತ, ನಮ್ಮ ಬಳ್ಳಿ ಅವನ ಗೋಡೆ ಹತ್ತದಷ್ಟು ಅಂತರದಲ್ಲಿ ಮರ್ಯಾದೆಯಾಗಿದ್ದಾನೆ. ಆದರೆ ಕಲ್ಲೆಸೆದರೆ ತಲುಪದವನನ್ನು, ತಲುಪಿದರೂ ಬೈಯದವನನ್ನು ನೆರೆಯವನೆಂದು ಮಕ್ಕಳಿಗೆ ಹೇಗೆ ಹೇಳಲಿ? ಆ ಪಾಠವನ್ನು ಆಮೇಲೆ ತುಸು ಮೆಲ್ಲಗೇ ಹೇಳುತ್ತಿದ್ದೆ.

ಕಳೆದ ಬೇಸಗೆಯಲ್ಲಿ ಈರಜ್ಜಿ ತೀರಿಕೊಂಡಳು. ಮೊನ್ನೆ ಚೌತಿಯ ಸಂಜೆ ಪಾರ್ವತಿ ಬೇಕೆಂದೇ ಚಂದ್ರನನ್ನು ನೋಡಿ, ಒಳಬಂದು, ಈ ಚೂರನ್ನೆತ್ತಿಕೊಂಡು ಹಿತ್ತಿಲಿಗೆ ಹೋದಳು. ಕೈಯೆತ್ತಿದಳು, ಎಸೆಯಲಿಲ್ಲ. ಮರಳಿ ತಂದು ಮೇಜಿನ ಮೇಲಿಟ್ಟು, "ಆಚೆ ಬೈಯೋರು ಯಾರವ್ರೆ? ನೀವೇ ಒಂದೀಟು ಬೈಯಿರಿ" ಎಂದಳು. ಮೂವತ್ತು ವರ್ಷ ತರಗತಿಗಳನ್ನು ನಡುಗಿಸಿದ ನಾನು ಗಂಟಲು ಸರಿಮಾಡಿಕೊಂಡು ಎದ್ದು ನಿಂತೆ. ಒಂದು ಬೈಗುಳವೂ ಹೊರಡಲಿಲ್ಲ.