ಕಲ್ಲಿನಲ್ಲಿ ಜಾಗ ಸಿಗದ ಹೆಸರು

ಇವತ್ತು ಬೆಳಿಗ್ಗೆ ಒಲೆಯ ಬೂದಿ ತೆಗೆದು, ಬಾಗಿಲಿಗೆ ನೀರು ಹಾಕಿ, ಜೋಳದ ಹಿಟ್ಟು ಜರಡಿ ಹಿಡಿಯುತ್ತ ಕೂತಿದ್ದೆ. ಇದು ನನ್ನ ದಿನದಲ್ಲಿ ತೀರಾ ಸಮಾಧಾನದ ಹೊತ್ತು. ಜರಡಿಯ ಸದ್ದು, ಬಚ್ಚಲಲ್ಲಿ ಯಜಮಾನರ ಕೊಡದ ಸದ್ದು, ಮಾಳಿಗೆಯ ಬೆಳಕಿಂಡಿಯಿಂದ ಹಿಟ್ಟಿನ ಧೂಳಿನೊಳಕ್ಕೆ ಇಳಿಯುವ ಬಿಸಿಲು. ಇದರ ಮುಂದಿನ ಕೆಲಸವಾದ ರೊಟ್ಟಿ ಬಡಿಯುವುದರಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ನನಗೆ ಕ್ರೋಶಾ ಕಲಿಸಿದರು, ದನಿ ಎತ್ತದೆ ಮಾತಾಡುವುದನ್ನು ಕಲಿಸಿದರು, ರೊಟ್ಟಿ ಕಲಿಸಲಿಲ್ಲ. ಅಫಜಲಪುರಕ್ಕೆ ಸೊಸೆಯಾಗಿ ಬಂದ ವಾರದಲ್ಲೇ ನಮ್ಮ ಅತ್ತೆ ನನ್ನ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಇದು ರೊಟ್ಟಿ ಏನ ಬೇ, ನಿಜಾಮ್ ಸರಕಾರದ ನಕಾಶಿ?" ಎಂದಿದ್ದರು. ಸರಕಾರ ಹೋಯಿತು, ಅತ್ತೆಯೂ ಹೋದರು, ನನ್ನ ರೊಟ್ಟಿಯ ಮೂಲೆಗಳು ಹೋಗಿಲ್ಲ.

ಆಗ ಬಾಗಿಲಲ್ಲಿ ಕಲ್ಲುಕುಟಿಗ ಬಂದು ನಿಂತ. ಕೈಯಲ್ಲೊಂದು ಕರಟ, ಕರಟದಲ್ಲಿ ಕಲಸಿದ ಜಾಜು, ಗುರುತು ಹಾಕುವ ಕೆಮ್ಮಣ್ಣು. ಹಸಿ ಜಾಜಿನ ವಾಸನೆ ಮೂಗಿಗೆ ಬಡಿಯಿತು. ಅವನು ಕೈಯಲ್ಲಿದ್ದ ಕೆಲಸ ಅರ್ಧಕ್ಕೆ ಬಿಟ್ಟು ನೇರವಾಗಿ ನಮ್ಮ ಮನೆಗೆ ಬಂದಿದ್ದ.

"ಹಿರೇರು ಕಳಿಸ್ಯಾರ್ರಿ ವೈನಿ. ನಿಮ್ಮ ಅಕ್ಷರ ಚಂದ ಅದಾವಂತ. ದೊಡ್ಡ ಕಾಗದದ ಮ್ಯಾಲ ಬರದು ಕೊಡ್ರಿ, ನಾ ಅದನ್ನ ನೋಡಿ ಕಲ್ಲಿನ ಮ್ಯಾಲ ಜಾಜಿಲೇ ತೀಡಿ, ಆಮ್ಯಾಲ ಕೆತ್ತತೇನಿ."

"ಯಾವ ಕಲ್ಲು?" ಎಂದೆ.

"ಹೊಳಿದಂಡಿ ಮರಿಗ್ವಾಡೀದು. ಮೊನ್ನಿ ಮಳಿಗಾಲದಾಗ ಒಂದು ಮೂಲಿ ಕುಸಿದಿತ್ತಲ್ರಿ, ರಿಪೇರಿ ಆತು. ಈಗ ಅದಕ್ಕ ಹೆಸರಿನ ಕಲ್ಲು ಹಚ್ಚತಾರ."

ಹೊಸ ಸರಕಾರ ಬಂದಾಗಿನಿಂದ ನಮ್ಮೂರಿನ ಹಿರಿಯರಿಗೆ ಕಲ್ಲು ಕೆತ್ತಿಸುವ ಹುಚ್ಚು ಹಿಡಿದಿದೆ. ಉರ್ದು ಬೋರ್ಡು ಇಳಿದ ಕಡೆಯಲ್ಲೆಲ್ಲ ಒಂದೊಂದು ಶಹಾಬಾದಿ ಫರಸಿಕಲ್ಲು ಏರುತ್ತಿದೆ. ಏರಲಿ, ನನ್ನ ತಕರಾರಿಲ್ಲ. ಏನು ಬರೆಯಬೇಕೆಂದು ಕೇಳಿದೆ. ಅವನು ಬಾಯಿಪಾಠ ಒಪ್ಪಿಸಿದ: "ಈ ಮರೆಗೋಡೆಯು ಅಫಜಲಪುರದ ಹಿರಿಯರ ಸೇವೆ." ಅದರ ಕೆಳಗೆ ಹಿರಿಯರ ಹೆಸರುಗಳು, ಪ್ರತಿ ಹೆಸರಿಗೂ ಮುಂದೊಂದು ಬಿರುದು, ಹಿಂದೊಂದು ಬಿರುದು.

"ಮತ್ತ ಕಟ್ಟಿಸಿದಾಕಿ ಹೆಸ್ರು?"

"ಕಟ್ಟಿಸಿದವ್ರು ಇವ್ರೇ ಅಲ್ಲೇನ್ರಿ?" ಎಂದ ಆ ಬಡಪಾಯಿ. ಅವನದೇನು ತಪ್ಪು? ಅವನಿಗೆ ಹೇಳಿದ್ದನ್ನು ಅವನು ಹೇಳಿದ.

ನನಗೆ ಸಿಟ್ಟು ಬಂದರೆ ಅದು ಗೊತ್ತಾಗುವುದು ನಮ್ಮ ಮನೆಯ ಪಾತ್ರೆಗಳಿಗೆ ಮಾತ್ರ. ಅವನನ್ನು ಕಟ್ಟೆಯ ಮೇಲೆ ಕೂಡ್ರಿಸಿ ಚಹಾ ಕೊಟ್ಟು, ಒಳಗೆ ಹೋಗಿ ಬೆಳಗಿಟ್ಟ ತಪ್ಪಲೆಯನ್ನೇ ಮತ್ತೊಮ್ಮೆ ಬೆಳಗಿದೆ. ನೀವೇ ಹೇಳಿ, ಇನ್ನೇನು ಮಾಡಬೇಕಿತ್ತು?

ನಿಮಗೆ ಶೇವಂತಾಬಾಯಿ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನಿಮ್ಮ ತಾಯಿಯನ್ನು ಕೇಳಿ. ತಾಯಿ ಗೊತ್ತಿಲ್ಲ ಎಂದರೆ ನಂಬಬೇಡಿ. ಆಳಂದ ತಾಲೂಕಿನ ಮಟಕಿಯಲ್ಲಿ ಹುಟ್ಟಿದವಳು. ತಾಯಿ ನಾಟಕ ಕಂಪನಿಗಳಲ್ಲಿ ಹಾಡುತ್ತಿದ್ದಳು. ತಂದೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ಎತ್ತಿದವರು ನಗುತ್ತ ಎತ್ತುತ್ತಿದ್ದರು. ಜೇವರ್ಗಿಯಲ್ಲಿ ಕ್ಯಾಂಪು ಹಾಕಿದ್ದಾಗ ಕಂಪನಿ ಮುರಿದುಬಿತ್ತಂತೆ, ಮಾಲಕ ರಾತ್ರೋರಾತ್ರಿ ಪರಾರಿಯಾದನಂತೆ. ಮಳೆಗಾಲವಿಡೀ ತಾಯಿಮಗಳಿಗೆ ರೊಟ್ಟಿ ಹಾಕಿದವರು ಅಲ್ಲಿನ ಹೆಂಗಸರು. ಅಲ್ಲಿಂದ ಆ ಹುಡುಗಿ ಕೊಲ್ಲಾಪುರಕ್ಕೆ ಹೇಗೆ ಹೋದಳೋ, ಬೋಲಪಟ, ಅಂದರೆ ಮಾತಾಡುವ ಸಿನಿಮಾ, ಬಂದ ಹೊಸತರಲ್ಲಿ ಪರದೆಯ ಮೇಲೆ ಹೇಗೆ ನಿಂತಳೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಸೊಲ್ಲಾಪುರದಲ್ಲಿ ಚಿಕ್ಕಮ್ಮನ ಜೊತೆ ನೋಡಿದ ಒಂದು ಚಿತ್ರ. ಗಂಡ ಕಾಡಿಗಟ್ಟಿದ ರಾಣಿಯ ಪಾತ್ರ. ಉಳಿದ ನಟಿಯರೆಲ್ಲ ದುಃಖ ಬಂದಾಗ ಕೈ ಹಣೆಗೆ ಒಯ್ದರೆ ಇವಳು ಸುಮ್ಮನೆ ಸೆರಗಿನ ತುದಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು, ಅಷ್ಟೇ. ಥೇಟರಿನಲ್ಲಿ ಕೆಮ್ಮು ಸಹ ನಿಂತಿತು. ಮರುದಿನ ನಾನೂ ಕನ್ನಡಿಯ ಮುಂದೆ ಸೆರಗಿನ ಗಂಟು ಬಿಚ್ಚಿ ಕಟ್ಟಿ ನೋಡಿಕೊಂಡೆ. ಕಳೆದುಹೋದ ಚಿಲ್ಲರೆ ಹುಡುಕುವವಳ ಹಾಗೆ ಕಂಡೆ.

ದೊಡ್ಡ ಹೆಸರು ಬಂತು. ಪತ್ರಿಕೆಗಳು ಹೊಗಳಿದವು, ಸಂಸ್ಥಾನದವರು ಪದಕ ಕೊಟ್ಟರು, ಬೆಂಕಿಪೊಟ್ಟಣದ ಮೇಲೆ ಅವಳ ಚಿತ್ರ ಬಂತು. ದುಡ್ಡು ಬಂದ ಮೇಲೆ ಹುಟ್ಟಿದ ಸೀಮೆಯನ್ನು ಮರೆಯುವವರನ್ನು ನೋಡಿದ್ದೇವೆ. ಇವಳು ಮರೆಯಲಿಲ್ಲ, ಅದೇ ಅವಳ ತಪ್ಪಾಯಿತೇನೋ! ಮಟಕಿಗೆ ವಾಂತಿಭೇದಿ ಬಂದ ವರ್ಷ ಡಾಕ್ಟರರನ್ನೂ ಔಷಧಿಯನ್ನೂ ಕಳಿಸಿ, ಬೇನೆ ಇಳಿಯುವ ತನಕ ಗಂಜಿ ಹಾಕಿಸಿದಳು. ಗಂಜಿ ಉಂಡ ಊರು ಅದನ್ನು "ಪಾಟೀಲರ ಗಂಜಿ" ಎಂದು ಕರೆಯಿತು, ಪಾತ್ರೆ ಪಾಟೀಲರದಾಗಿತ್ತಂತೆ. ತನಗೆ ಅನ್ನ ಹಾಕಿದ ಜೇವರ್ಗಿ ಸೀಮೆ ಎಂದು ನೆಲೋಗಿಯ ಹೆಣ್ಣುಮಕ್ಕಳ ಶಾಲೆಗೆ ಮಾಳಿಗೆ ಹಾಕಿಸಿಕೊಟ್ಟಳು. ಅದು ಯಾರೋ ಸಾಹುಕಾರರ ಹೆಸರಿನಲ್ಲಿದೆ, ಜಾಗ ಅವರದಾಗಿತ್ತಂತೆ. ಕೊಡುವ ಕೈ ಬೇಕು, ಆ ಕೈಗಿರುವ ಹೆಸರು ಬೇಡ. ಇದು ಯಾವ ಸೀಮೆಯ ಮರ್ಯಾದೆ ಸ್ವಾಮಿ?

ಹೊಳೆಯ ಗೋಡೆಯ ಮಾತಿಗೆ ಬರುತ್ತೇನೆ. ಅದಕ್ಕಿಂತ ಮೊದಲು ನಮ್ಮ ಕಡೆಯ ಒಂದು ಪದ್ಧತಿ ನಿಮಗೆ ತಿಳಿದಿರಬೇಕು. ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋಗುವ ಹೆಂಗಸರು ದಾರಿಯಲ್ಲಿ ಭೀಮಾ ಹೊಳೆಯಲ್ಲಿ ಮಿಂದು ಮುಂದೆ ಹೋಗುತ್ತಾರೆ. ದಂಡೆಯಲ್ಲಿ ಗಿಡವಿಲ್ಲ, ಬಂಡೆಯಿಲ್ಲ, ಬರೀ ಬಯಲು. ಆದ್ದರಿಂದ ಒಬ್ಬಾಕೆ ನೀರಿನಿಂದೇಳುತ್ತಲೇ ಹತ್ತಿರವಿದ್ದ ಇಬ್ಬರು ಒಂದು ಸೀರೆ ಬಿಡಿಸಿ ಎರಡೂ ಕಡೆ ಹಿಡಿಯುತ್ತಾರೆ. ಆ ಮರೆಯಲ್ಲಿ ಆಕೆ ಒದ್ದೆ ಬಿಟ್ಟು ಒಣಗಿದ್ದು ಉಡುತ್ತಾಳೆ, ಆಮೇಲೆ ತಾನು ಇನ್ನೊಬ್ಬಳಿಗೆ ಹಿಡಿಯುತ್ತಾಳೆ. ನೀನು ಯಾರ ಪೈಕಿ, ಯಾವ ಊರು ಎಂದು ಯಾರೂ ಕೇಳುವುದಿಲ್ಲ. ಹಿಡಿಯುವವರು ಮುಖ ಆಚೆ ತಿರುಗಿಸಿರುತ್ತಾರೆ. ಕಾನ್ವೆಂಟಿನಿಂದ ಬಂದ ನನಗೆ ಈ ಊರಿನಲ್ಲಿ ಮೊದಲು ಹಿಡಿಸಿದ ಸಂಗತಿಯೇ ಅದು.

ಮದುವೆಯಾದ ಹೊಸತರ ಒಂದು ಅಮಾವಾಸ್ಯೆ. ಅತ್ತೆಯೂ ನಾನೂ ಮಿಂದು, ಉಟ್ಟು, ತಲೆ ಒರೆಸಿಕೊಳ್ಳುತ್ತಿದ್ದೆವು. ಸೊಂಟದ ಮಟ್ಟ ನೀರಿನಲ್ಲಿ ಬಿಳಿ ಸೀರೆಯ ಒಬ್ಬಳು ನಿಂತು ಸೂರ್ಯನಿಗೆ ನೀರು ಬಿಡುತ್ತಿದ್ದಳು. ಮೈಮೇಲೆ ಒಡವೆಯಿಲ್ಲ. ಅವಳ ಜೊತೆಯ ಹೆಂಗಸು ಹೂವು ಕಾಯಿ ತರಲು ಮೇಲೆ ಹೋಗಿದ್ದಳು. ದಂಡೆಯಲ್ಲಿ ಯಾವಳೋ, "ಅಯ್ಯ, ಇಕಿ ಶೇವಂತಾ ಅಲ್ಲೇನ? ಸಿನೇಮಾದಾಕಿ!" ಎಂದಳು. ಅಷ್ಟೇ. ಸೀರೆ ಬಿಡಿಸಿ ನಿಂತಿದ್ದ ಇಬ್ಬರು ಅದನ್ನು ಮಡಿಚಿದರು. ಒಬ್ಬೊಬ್ಬರೇ ಹಿಂದೆ ಸರಿದರು. "ಪರದೇ ಮ್ಯಾಲ ಊರಿಗೆಲ್ಲ ಮೈ ತೋರಸಾಕಿಗೆ ಮರಿ ಯಾತಕ್ಕ?" ಎಂದಳೊಬ್ಬಳು, ಕೇಳಿಸಲೆಂದೇ. ಹೆಂಗಸರು ಸರಿದ ಜಾಗಕ್ಕೆ ಗಂಡಸರು ಬಂದರು. ಎತ್ತಿಗೆ ನೀರು ಕುಡಿಸುವ ನೆಪ, ಬೀಡಿ ಹಚ್ಚುವ ನೆಪ. ಸೀಟಿ ಹೊಡೆದವನಿಗೆ ನೆಪವೂ ಬೇಕಾಗಲಿಲ್ಲ. ಅವಳು ನೀರಿನಲ್ಲೇ ನಿಂತಿದ್ದಳು, ಕುತ್ತಿಗೆಯ ತನಕ ಕುಸಿದು.

ನಾನು ನನ್ನ ಒದ್ದೆ ಸೀರೆಯನ್ನೇ ಬಿಡಿಸಿಕೊಂಡು ಇಳಿದೆ. ಹೋಗಿ ನಿಂತ ಮೇಲೆ ತಿಳಿಯಿತು, ಒಬ್ಬಳೇ ಹಿಡಿದರೆ ಅದು ಮರೆಯಾಗುವುದಿಲ್ಲ. ಕೈ ಎಷ್ಟು ಚಾಚಿದರೂ ಸೀರೆ ನಡುವೆ ಮುದ್ದೆಯಾಗಿ ಜೋತುಬೀಳುತ್ತಿತ್ತು. ಹಿಂದೆ ನೋಡಲು ಧೈರ್ಯವಿಲ್ಲ. ಆಗ ಇನ್ನೊಂದು ತುದಿಯನ್ನು ಯಾರೋ ಸೆಳೆದರು. ಅತ್ತೆ! ಅನ್ಯರ ನೆರಳು ಸೋಕಿದರೆ ಕುಡಿಯುವ ನೀರು ಚೆಲ್ಲುವ ನಮ್ಮ ಅತ್ತೆ.

"ನೆಟ್ಟಗ ಹಿಡಿ ಬೇ. ಇಂಗ್ಲೀಷ್ ಕಲತೀ, ಸೀರಿ ಹಿಡಿಯೂದು ಕಲೀಲಿಲ್ಲ," ಎಂದು ನನಗೆ ಬೈದು, ದಂಡೆಯ ಕಡೆ ತಿರುಗಿ, "ಏ ಬಾಡ್ಯಾಗೋಳ್ರ್ಯಾ, ನಿಮ್ಮವ್ವಗೋಳೂ ಇದೇ ಹೊಳ್ಯಾಗ ಮುಳುಗಿ ಎದ್ದಾರ, ನೆಪ್ಪಿರಲಿ!" ಎಂದು ಕೂಗಿದರು. ಎತ್ತುಗಳಿಗೆ ಒಮ್ಮೆಗೇ ನೀರಡಿಕೆ ತೀರಿತು.

ಅವಳು ಉಟ್ಟುಕೊಂಡು, ನಡುಗುತ್ತಲೇ ಅತ್ತೆಯ ಕಾಲು ಮುಟ್ಟಲು ಬಗ್ಗಿದಳು. ಅತ್ತೆ ಹಿಂದೆ ಸರಿದರು, ಅವರು ಅತ್ತೆಯೇ ತಾನೆ.

"ಅವ್ವಾ, ಕ್ಯಾಮೆರಾ ಮುಂದ ಇಷ್ಟ ವರ್ಷ ನಿಂತೀನಿ. ಇಷ್ಟು ನಾಚಿಕಿ ಎಂದೂ ಬಂದಿರಲಿಲ್ಲ," ಎಂದಳು.

"ನಾಚಿಕಿ ನೋಡೂ ಮಂದಿಗಿರಬೇಕು, ನಿನಗ್ಯಾಕ? ರೊಕ್ಕ ಭಾಳ ಅದ ಅಂತಾರ, ಇಲ್ಲೊಂದು ಗ್ವಾಡಿ ಕಟ್ಟಸು ಹೋಗು," ಎಂದರು ಅತ್ತೆ, ಕುಟುಕಿ ಕಳಿಸುವವರಂತೆ.

ಅವಳು ಕಟ್ಟಿಸಿದಳು! ಮುಂದಿನ ಬೇಸಿಗೆಯೊಳಗೆ ಆಳೆತ್ತರದ ಕಲ್ಲಿನ ಗೋಡೆ, ಮೂರು ಕಡೆ ಮರೆ, ಒಳಗೆ ಫರಸಿ, ಒದ್ದೆ ಬಟ್ಟೆ ಇಡಲು ಗೂಡುಗಳು. ಗೂಡುಗಳು ಮಗುವಿನ ಕೈಗೂ ಎಟುಕುವ ಎತ್ತರದಲ್ಲಿದ್ದವು. ಗಂಡಸರಾಗಿದ್ದರೆ ಅದನ್ನು ಯೋಚಿಸುತ್ತಿರಲಿಲ್ಲ. ನಮ್ಮೂರ ಹಿರಿಯರು ಒಂದೇ ಕರಾರು ಹಾಕಿದರು: ಕಟ್ಟಲಿ, ಹೆಸರು ಮಾತ್ರ ಬೇಡ. ಮರ್ಯಾದಸ್ಥ ಹೆಂಗಸರು ಬರುವ ಜಾಗ, ನಾಟಕದವಳ ಹೆಸರು ಕಂಡರೆ ಬರಲಿಕ್ಕಿಲ್ಲ ಎಂದರು. ಗೋಡೆ ಮುಗಿದ ದಿನ ತೆಂಗಿನಕಾಯಿ ಒಡೆದವರೂ ಅವರೇ. ಅವಳನ್ನು ಕರೆಯಲಿಲ್ಲ.

ಒಂದೇ ಸಲ ಅವಳು ನಮ್ಮ ಮನೆಗೆ ಬಂದಿದ್ದಳು. ಆಗ ಕೆಲಸ ಕಡಿಮೆಯಾಗಿತ್ತು, ಹೊಸ ಹುಡುಗಿಯರು ಬಂದಿದ್ದರು, ದನಿಯೂ ಒಡೆದಿತ್ತು. ಅತ್ತೆ ಅವಳನ್ನು ಕಟ್ಟೆಯ ಮೇಲೇ ಕೂಡ್ರಿಸಿದರು. ಆದರೆ ಹಾಲು ಕೊಟ್ಟಿದ್ದು ಮಾವನವರ ಬೆಳ್ಳಿಯ ಲೋಟದಲ್ಲಿ. ಅವಳು ಹೋದ ಮೇಲೆ ಅದನ್ನು ತಾವೇ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆದರು. ಇದನ್ನು ಹೇಗೆ ಕೂಡಿಸಬೇಕು, ಹೇಗೆ ಕಳೆಯಬೇಕು, ನನಗೆ ಇನ್ನೂ ತಿಳಿದಿಲ್ಲ. ಹೊರಡುವಾಗ ಶೇವಂತಾಬಾಯಿ ನನ್ನೊಬ್ಬಳಿಗೇ ಹೇಳಿದಳು:

"ಹೆಸರಿನ ಆಸೆ ಇಲ್ಲ ಅಂದ್ರ ಸುಳ್ಳ ಆಗ್ತದ್ರಿ ವೈನಿ. ಪೋಸ್ಟರ್ ಮ್ಯಾಲ ಭಾಳ ನೋಡೀನಿ, ಅವು ಮಳಿಗಿ ಹರದು ಹೋಗ್ತಾವ. ನಮ್ಮವ್ವನ ಹೆಸ್ರು ಎಲ್ಲೂ ಉಳೀಲಿಲ್ಲ. ನಂದರೆ ಒಂದ ಕಡಿ, ನಮ್ಮ ಸೀಮ್ಯಾಗ, ಉಳದಿದ್ರ ಚಂದಿತ್ತು."

ಕೊಲ್ಲಾಪುರದಲ್ಲಿ ತೀರಿಕೊಂಡಳೆಂಬ ಸುದ್ದಿ ಹೋದ ವರ್ಷ ಬಂತು. ಊರಿನಲ್ಲಿ ಯಾರೂ ಅಯ್ಯೋ ಎನ್ನಲಿಲ್ಲ.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ತಪ್ಪಲೆ ಕನ್ನಡಿಯಾಗಿತ್ತು. ಕೈ ಒರೆಸಿಕೊಂಡು ಕೂತು ಬರೆದೆ: "ಈ ಮರೆಗೋಡೆಯನ್ನು ಕಟ್ಟಿಸಿದವಳು ಮಟಕಿಯ ಶೇವಂತಾ." ಹಿರಿಯರ ಹೆಸರನ್ನು ಕೆಳಗೆ, ರಿಪೇರಿಯ ಲೆಕ್ಕದಲ್ಲಿ, ಸಣ್ಣದಾಗಿ ಬರೆದೆ. ಯಜಮಾನರು ರುಮಾಲು ಸುತ್ತಿಕೊಳ್ಳುತ್ತ ಓದಿದರು. ವಕೀಲರು, ಸೋಲುವ ಕೇಸು ಅವರಿಗೆ ದೂರದಿಂದಲೇ ವಾಸನೆ ಬರುತ್ತದೆ. "ಚಲೋ ಬರದೀ. ಖರೆ ಅವ್ರು ಕೆತ್ತಸಂಗಿಲ್ಲ ನೋಡು," ಎಂದು ಕೋರ್ಟಿಗೆ ಹೋದರು. ಕಾಗದವನ್ನು ಕಲ್ಲುಕುಟಿಗನ ಕೈಯಲ್ಲಿ ಕೊಟ್ಟು ಕಳಿಸಿದೆ.

ಮಧ್ಯಾಹ್ನ ಹಿರಿಯರಲ್ಲೊಬ್ಬರು, ನಾವೆಲ್ಲ ಕಾಕಾ ಎನ್ನುವವರು, ಕಾಗದ ಹಿಡಿದುಕೊಂಡು ತಾವೇ ಬಂದರು.

"ಅಕ್ಷರ ಮುತ್ತಿನಂಗ ಅದಾವ್ರಿ ವೈನಿ. ಖರೆ ಆ ಮ್ಯಾಲಿನ ಸಾಲು ಹಿಡಸಂಗಿಲ್ಲ. ಕಲ್ಲಿನಾಗ ಜಾಗಾ ಇಲ್ಲ."

"ಮೂರು ಅಕ್ಷರದ ಹೆಸ್ರು ಕಾಕಾ. ನಿಮ್ಮ ಹೆಸರಿನ ಮುಂದಿನ ಧರ್ಮಭೂಷಣ ಒಂದು ತಗದ್ರ ಆಕಿ, ಆಕಿ ಅವ್ವ, ಇಬ್ರೂ ಹಿಡೀತಾರ."

ಕಾಕಾ ನಕ್ಕರು. "ಕಾನ್ವೆಂಟಿನ್ಯಾಗ ಇದನ್ನ ಕಲಿಸ್ಯಾರೇನ್ರಿ?"

"ಇಲ್ರಿ. ಇದು ನಮ್ಮತ್ತಿ ಕಲಿಸಿದ್ದು."

ನಗು ನಿಂತಿತು. "ಸುಮ್ಮ ಯಾಕ ಹಟಾ ಮಾಡತೀರಿ? ಅಲ್ಲಿಗಿ ಬರೂ ಹೆಂಗಸ್ರಾಗ ಓದಾಕ ಬರೂದು ಯಾರಿಗ್ರಿ? ಏನ ಬರದ್ರೂ ಅವ್ರಿಗೆ ಅಷ್ಟ."

"ಹಂಗಾರ ನಿಮ್ಮ ಹೆಸ್ರು ಯಾರಿಗಾಗಿ ಕೆತ್ತಸಾಕತ್ತೀರಿ ಕಾಕಾ?"

ಬೇರೆ ಬರೆದುಕೊಡಿ ಎಂದರು, ಆಗುವುದಿಲ್ಲ ಎಂದೆ. ದನಿ ಎತ್ತದೆಯೇ ಹೇಳಿದೆ. ಸಾಲಿ ಮಾಸ್ತರರಿಂದ ಬರೆಸುತ್ತೇವೆ ಎಂದು ಕಾಗದವನ್ನು ಕಟ್ಟೆಯ ಮೇಲೆ ಬಿಟ್ಟು ಹೋದರು. ಯಜಮಾನರು ಹೇಳಿದ ಹಾಗೇ ಆಯಿತು. ನಾನು ಗೆದ್ದದ್ದು ಮಾತಿನಲ್ಲಿ, ಅವರು ಗೆದ್ದದ್ದು ಕಲ್ಲಿನಲ್ಲಿ. ನಾಡಿದ್ದು ಫರಸಿ ಏರುತ್ತದೆ. ಭೀಮೆ ಎಷ್ಟು ಸಲ ಉಕ್ಕಿದರೂ ಆ ಸುಳ್ಳು ಅಲ್ಲೇ ಇರುತ್ತದೆ ಎಂದುಕೊಳ್ಳುತ್ತ ಅದೇ ತಪ್ಪಲೆಯನ್ನು ಇನ್ನೊಮ್ಮೆ ಬೆಳಗಿದೆ.

ಸಂಜೆ ಹಿತ್ತಲ ಗೋಡೆಯ ಆಚೆಯಿಂದ ಕಮಲಾಬಾಯಿ ಇಣುಕಿದರು. ಪೋಸ್ಟ್ ಮಾಸ್ತರರ ಹೆಂಡತಿ; ಇತ್ತೀಚೆಗಷ್ಟೇ ಬೀದರ ಕಡೆಯಿಂದ ವರ್ಗವಾಗಿ ಬಂದವರು. ಓದು ಬರಹ ಬಾರದು, ಸಿನಿಮಾ ನೋಡಿದವರಲ್ಲ. ಒಲೆ ಹೊತ್ತಿಸಲು ಕೆಂಡ ಬೇಕಾಗಿತ್ತು. ನಾನು ಒಲೆಯಿಂದ ಕೆಂಡ ತೆಗೆಯುತ್ತಿದ್ದಾಗ ಅವರೇ ಮಾತು ತೆಗೆದರು.

"ಇವತ್ತ ಹೊಳಿಗಿ ಹೋಗಿದ್ದೆ ನೋಡ್ರಿ. ನನ್ನ ಹೊಸಾ ಕುಬಸ ಶೇವಂತಾನ ಗ್ವಾಡಿ ಗೂಡಿನ್ಯಾಗ ಮರತ ಬಂದೀನಿ."

ಅತ್ತೆ ಹೋದ ಮೇಲೆ ನಾನು ಹೊಳೆಗೆ ಹೋದದ್ದೇ ಇಲ್ಲ. ಇಕ್ಕಳದಲ್ಲಿ ಕೆಂಡ ಹಿಡಿದುಕೊಂಡೇ ನಿಂತೆ.

"ಯಾರ ಗ್ವಾಡಿ ಅಂದ್ರಿ?"

"ಶೇವಂತಾನ ಗ್ವಾಡಿ. ಅಲ್ಲಿ ಬರೂ ಹೆಂಗಸ್ರೆಲ್ಲಾ ಹಂಗ ಅಂತಾರಲ್ರಿ. ಯಾರೋ ಹಿಂದಿನ ಕಾಲದ ಶರಣಿ ಇರಬೇಕು. ಜರಾ ಜಲ್ದಿ ಹಾಕ್ರಿ ವೈನಿ, ಕೆಂಡ ಆರಾಕತ್ತದ."