ಸೂಜಕ್ಕ ಕಲಿತ ಆಟ

ಬಸ್ ಡಿಪೋದ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಸೀಟು ಹೊಲಿದವಳಿಗೆ ಸ್ವಂತ ಹೆಸರೊಂದು ಇದ್ದೇ ಇತ್ತು. ಹಾಜರಿ ಪುಸ್ತಕದ ಹೊರಗೆ ಅದನ್ನು ಯಾರೂ ಬಳಸಲಿಲ್ಲ. ಎಲ್ಲರ ಬಾಯಲ್ಲೂ ಅವಳು ಸೂಜಕ್ಕ. ಹರಿದ ಸೀಟಿನ ರೆಕ್ಸಿನ್ ಬಿಚ್ಚುವುದು, ಒಳಗೆ ಸಿಕ್ಕಿಕೊಂಡ ಬಾಚಣಿಗೆ, ಪೆನ್ನಿನ ಮುಚ್ಚಳ, ಟಿಕೆಟ್ ಚೂರುಗಳನ್ನು ಕೊಡವುವುದು, ಹೊಸ ಹೊದಿಕೆ ಎಳೆದು ಬಾಗಿದ ಸೂಜಿಯಿಂದ ಅಂಚು ಕಟ್ಟುವುದು: ಇಷ್ಟೇ ಅವಳ ದಿನ. ಮದುವೆಯ ಮಾತು ಒಂದೆರಡು ಸಲ ಬಂದು ಹೋಗಿತ್ತು. ಅವಳಿಗೆ ಹತ್ತೊಂಬತ್ತು ತುಂಬಿದಾಗ ತಾಯಿ ತೀರಿಕೊಂಡಿದ್ದಳು. ಹತ್ತು ವರ್ಷದ ತಮ್ಮ ಅವಳ ಪಾಲಿಗೆ ಬಂದಿದ್ದ; ಆಮೇಲೆ ಬೇರೆ ಯಾವುದಕ್ಕೂ ಪುರುಸೊತ್ತಾಗಲಿಲ್ಲ.

ತಮ್ಮ ಬೆಳೆದು ಅಂಗಡಿಗಳ ಬೋರ್ಡು ಬರೆಯುವವನಾದ. ಅಳತೆಪಟ್ಟಿ ಇಡದೆ ಉದ್ದ ಗೆರೆ ಎಳೆಯುತ್ತಿದ್ದ ಕೈ ಅದು. ನಲವತ್ತರ ಹೊತ್ತಿಗೆ ಆ ಕೈಯೇ ಕೈಕೊಟ್ಟಿತು. ಒಂದು ಔಷಧಿ ಅಂಗಡಿಯ ಬೋರ್ಡಿನಲ್ಲಿ ಕೊನೆಯ ಅಕ್ಷರ ಬರೆಯುವಾಗ ಬ್ರಷ್ಷು ಬೆರಳಿನಿಂದ ಜಾರಿ, ಬಿಳಿ ಬಣ್ಣದ ಮೇಲೆ ಕೆಂಪು ಸೋರಿತು. ಮಾರನೆಯ ದಿನವೂ ಜಾರಿತು. ಆರು ತಿಂಗಳು ಆಸ್ಪತ್ರೆ ಅಲೆದ ಮೇಲೆ ನರಗಳ ಡಾಕ್ಟರು ಅಕ್ಕನನ್ನು ಮಾತ್ರ ಒಳಗೆ ಕರೆದರು.

"ಮೊದಲು ಕೈ, ಆಮೇಲೆ ಕಾಲು, ಆಮೇಲೆ ಮಾತು. ಕೊನೆಗೆ ಉಸಿರು. ತಲೆ ಮಾತ್ರ ಕೊನೇತನಕ ಚುರುಕಾಗೇ ಇರುತ್ತೆ."

"ಅದೊಂದಾದ್ರೂ ಉಳಿಯುತ್ತಲ್ಲ" ಎಂದಳು ಸೂಜಕ್ಕ. ಡಾಕ್ಟರು ಫೈಲು ಮುಚ್ಚಿದರು. ಒಂದೊಂದೇ ಹೋಗುವುದನ್ನು ಆ ತಲೆಯೇ ನೋಡುತ್ತಿರಬೇಕು ಎಂಬುದು ಅವಳಿಗೆ ಹೊಳೆದದ್ದು ಬಹಳ ತಡವಾಗಿ.

ಇನ್ನೂ ಕೋಲು ಹಿಡಿದು ನಡೆಯುತ್ತಿದ್ದಾಗ ತಮ್ಮ ಒಂದು ಹಳೇ ಸಾಮಾನಿನ ಅಂಗಡಿಯಿಂದ ವಿಡಿಯೋ ಗೇಮ್ ಯಂತ್ರವನ್ನೂ ಐದು ಡಿಸ್ಕುಗಳನ್ನೂ ತಂದ. ಐದೂ ಒಂದೇ ಜಪಾನಿ ಸರಣಿಯವು. ಯಾರೂ ಕೇಳದೆ ಬುಟ್ಟಿಯ ತಳ ಸೇರಿದ್ದವು. ಸರಣಿಯ ಹೆಸರು ಇಬ್ಬರ ನಾಲಗೆಗೂ ಹೊರಳದ್ದರಿಂದ ಅದು ಮನೆಯಲ್ಲಿ ಹೊಳೆ ಆಟವಾಯಿತು. ಲೋಕವನ್ನು ಉಳಿಸುವ ವೀರ ಅದರಲ್ಲಿರಲಿಲ್ಲ. ಹೊಳೆದಂಡೆಯ ಒಂದು ನಾಡು, ಊರಿಂದೂರಿಗೆ ಉಪ್ಪು ಹೊತ್ತು ಸಾಗಿಸುವ ಆರು ಜನರ ತಂಡ, ದಾರಿಯಲ್ಲಿ ಕಳ್ಳರು, ಕಾಯಿಲೆ, ಚಳಿ. ಒಂದೊಂದು ಭಾಗಕ್ಕೂ ನಡುವೆ ಹತ್ತು ವರ್ಷ ಕಳೆದಿರುತ್ತಿತ್ತು. ಮೊದಲ ಭಾಗದಲ್ಲಿ ಓಡಾಡುತ್ತಿದ್ದ ಪುಟ್ಟ ಹುಡುಗಿ ಎರಡನೆಯದರಲ್ಲಿ ಸಿಡುಕು ಮೋರೆಯ ಅಂಗಡಿಯವಳು. ಸತ್ತವರು ಸತ್ತಂತೆಯೇ, ಯಾವ ಮಂತ್ರವೂ ಅವರನ್ನು ಎಬ್ಬಿಸುತ್ತಿರಲಿಲ್ಲ. ಊರಲ್ಲಿ ಏನಾದರೊಂದು ನಡೆದರೆ ಬಾವಿಕಟ್ಟೆಯ ಮುದುಕನಿಂದ ಹಿಡಿದು ಕುದುರೆ ಕಾಯುವವನ ತನಕ ಎಲ್ಲರ ಮಾತೂ ಬದಲಾಗುತ್ತಿತ್ತು. ಜಗಳದಲ್ಲೂ ಆತುರವಿಲ್ಲ: ನಿಮ್ಮ ಸರದಿ ಬಂದಾಗ ನೀವು ಗುಂಡಿ ಒತ್ತುವವರೆಗೆ ಕಳ್ಳ ಎತ್ತಿದ ಕತ್ತಿಯನ್ನು ಎತ್ತಿಕೊಂಡೇ ನಿಂತಿರುತ್ತಾನೆ.

"ಇದೆಂಥಾ ಜಗಳನೋ, ರೇಷನ್ ಅಂಗಡಿ ಕ್ಯೂ ಇದ್ದ ಹಾಗಿದೆ" ಎಂದು ಸೂಜಕ್ಕ ನಕ್ಕಳು.

"ನನಗೋಸ್ಕರ ಕಾಯೋದು ಇದೊಂದೇ ಕಣಕ್ಕಾ. ಲಿಫ್ಟಿನ ಬಾಗಿಲು ಕೂಡ ಕಾಯಲ್ಲ."

ಅವಳ ನಗು ಅಲ್ಲೇ ನಿಂತಿತು. ಒಂದು ಗುಂಡಿ ಒತ್ತಲು ಅವನ ಹೆಬ್ಬೆರಳಿಗೆ ಆಗಲೇ ಅರ್ಧ ನಿಮಿಷ ಬೇಕಾಗುತ್ತಿತ್ತು.

ಮಳೆಗಾಲ ಮುಗಿಯುವಷ್ಟರಲ್ಲಿ ಹೆಬ್ಬೆರಳೂ ನಿಂತುಹೋಯಿತು. ಅಂದಿನಿಂದ ಅವನು ಹೇಳುವುದು, ಅವಳು ಒತ್ತುವುದು. ಸಂಜೆ ಐದಕ್ಕೆ ಡಿಪೋದಿಂದ ಬಂದು, ಅವನ ಮೈ ಒರೆಸಿ, ಊಟ ಮಾಡಿಸಿ, ಮಂಚದ ಪಕ್ಕ ಸ್ಟೂಲು ಎಳೆದು ಕೂರುತ್ತಿದ್ದಳು. ಮೊದಲ ವಾರವೇ ತಂಡದ ಒಳ್ಳೆಯ ಕತ್ತಿಯನ್ನು ತಪ್ಪಿ ಮಾರಿಬಿಟ್ಟಳು. ಅವನು ಬಾಯಿಗೆ ಬಂದಂತೆ ಬೈದ. ಆದರೆ ತಿಂಗಳೊಪ್ಪತ್ತಿನಲ್ಲಿ ಹುಚ್ಚು ಅವಳಿಗೇ ಹಿಡಿಯಿತು. ತಂಡದಲ್ಲಿ ದೋಣಿ ನಡೆಸುವ ಒಬ್ಬಳು ಹೆಂಗಸಿದ್ದಳು. ಒರಟು ಬಾಯಿ, ಮೆತ್ತಗಿನ ಕೈ. ಅವಳಿಗೆ ಎದೆಯ ಕಾಯಿಲೆ ಬಂದಾಗ ಸೂಜಕ್ಕ ಶೆಡ್ಡಿನಲ್ಲಿ ಊಟದ ಹೊತ್ತಿಗೆ ಅದನ್ನೇ ಹೇಳಿಕೊಂಡಳು. ಯಾರೋ ನೆಂಟರೆಂದು ತಿಳಿದು, ಡಿಪೋದಲ್ಲಿ ಟೈರು ಬದಲಿಸುವವನು ವಾರವಿಡೀ ವಿಚಾರಿಸಿದ: "ಹೇಗಿದಾರೆ ಸೂಜಕ್ಕಾ ನಿಮ್ಮ ದೋಣಿಯವರು?"

ಮೂರನೆಯ ಭಾಗದಲ್ಲಿ ದೋಣಿಯವಳ ಕಾಯಿಲೆ ಬಿಗಡಾಯಿಸಿತು. ತಂಡದ ಹತ್ತಿರ ಮೂರೇ ಮೂರು ಕಟ್ಟು ಮೂಲಿಕೆ, ಮುಂದೆ ಹಿಮದ ಕಣಿವೆ. ಮೂಲಿಕೆಯೆಲ್ಲ ಅವಳಿಗೆ ಕೊಟ್ಟು ಜೊತೆಗೆ ಕರೆದೊಯ್ಯಬೇಕು, ಇಲ್ಲವೇ ದಾರಿಯ ಛತ್ರದಲ್ಲಿ ಬಿಟ್ಟು ಹೋಗಬೇಕು.

"ಬಿಟ್ಬಿಡು" ಎಂದ ತಮ್ಮ. ಮಾತು ಅಷ್ಟರಲ್ಲಾಗಲೇ ತೊದಲುತ್ತಿತ್ತು.

"ಯಾಕೆ ಬಿಡ್ಬೇಕು? ಎರಡು ಭಾಗ ಜೊತೇಲಿ ಬಂದವಳು."

"ಅವಳನ್ನ ಹೊತ್ಕೊಂಡು ಹೋದ್ರೆ ಎಲ್ರೂ ಸಾಯ್ತಾರೆ."

"ಸಾಯ್ಲಿ ಬಿಡು."

"ಡಿಪೋದಲ್ಲಿ ಕೆಲಸ ಬಿಡೋಕೆ ಅರ್ಜಿ ಬರ್ದಿದೀಯಂತೆ. ನರ್ಸಮ್ಮ ಹೇಳಿದ್ರು."

ಹಗಲು ಹೊತ್ತು ಬಂದು ನೋಡಿಕೊಳ್ಳುತ್ತಿದ್ದ ನರ್ಸಿನ ಮೇಲೆ ಸೂಜಕ್ಕನಿಗೆ ಉರಿದುಹೋಯಿತು. "ಹೌದು, ಬರ್ದಿದೀನಿ. ಏನೀಗ? ನಿನ್ನ ಮೂಗಿನ ಮೇಲೆ ನೊಣ ಕೂತ್ರೆ ಓಡಿಸೋರು ಬೇಡ್ವಾ?"

"ನಾನು ಹೋದ್ಮೇಲೆ ಏನ್ ಮಾಡ್ತೀಯ? ನೊಣ ಓಡಿಸ್ತಾ ಕೂರ್ತೀಯ?"

ಅವಳು ಪರದೆಯ ಕಡೆ ತಿರುಗಿದಳು. ಹಠಕ್ಕೆ ಬಿದ್ದವಳಂತೆ ಮೂರೂ ಕಟ್ಟು ದೋಣಿಯವಳಿಗೆ ಕೊಟ್ಟು ತಂಡವನ್ನು ಕಣಿವೆಗೆ ನುಗ್ಗಿಸಿದಳು. ಹಿಮದಲ್ಲಿ ಒಬ್ಬೊಬ್ಬರಾಗಿ ಬಿದ್ದರು. ಕೊನೆಗೆ ದೋಣಿಯವಳೂ ಬಿದ್ದಳು. ಪರದೆ ಕಪ್ಪಾಯಿತು. ಎರಡು ವಾರದ ಆಟ ನೀರುಪಾಲು. ಸೂಜಕ್ಕ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಅತ್ತಳು.

ಮಾರನೆಯ ದಿನ ಅರ್ಜಿಯನ್ನು ವಾಪಸು ತಗೊಂಡಳು. ಬದಲಿಗೆ ಮಧ್ಯಾಹ್ನದವರೆಗಿನ ಪಾಳಿ ಕೇಳಿ ಪಡೆದಳು. ಎರಡು ವಾರ ಆಡಿ ಮತ್ತೆ ಅದೇ ಛತ್ರಕ್ಕೆ ಬಂದಾಗ, ಅವನು ಹೇಳುವ ಮೊದಲೇ ಬಿಟ್ಟು ಹೋಗುವ ಗುಂಡಿ ಒತ್ತಿದಳು. ದೋಣಿಯವಳು ಬೇಡಿಕೊಳ್ಳಲಿಲ್ಲ, ಹರಸಲೂ ಇಲ್ಲ. ಗೋಡೆಗೆ ಒರಗಿ ಕೂತು, ಉಪ್ಪು ಒದ್ದೆಯಾಗದಂತೆ ನೋಡಿಕೊಳ್ಳಿ ಎಂದಳು, ಅಷ್ಟೇ.

"ಇದಕ್ಕೇ ಈ ಆಟ ಯಾರೂ ಕೊಳ್ಳೋದಿಲ್ಲ" ಎಂದ ತಮ್ಮ. ಅವಳು ಯಂತ್ರ ಆರಿಸಲು ಏಳುವಾಗ, "ಇದಕ್ಕೇ ನಂಗೆ ಇಷ್ಟ" ಎಂದೂ ಸೇರಿಸಿದ. ಅವನು ಪೂರ್ತಿಯಾಗಿ ಆಡಿದ ಕೊನೆಯ ಮಾತುಗಳಲ್ಲಿ ಅದೂ ಒಂದು.

ಮಾತು ಹೋದ ಮೇಲೆ ಒಂದು ರಟ್ಟಿನ ಮೇಲೆ ಅಕ್ಷರಮಾಲೆ ಬರೆದಿಟ್ಟುಕೊಂಡರು. ಅವಳು ಬೆರಳು ಸರಿಸುತ್ತ ಹೋಗುವುದು, ಬೇಕಾದ ಅಕ್ಷರ ಬಂದಾಗ ಅವನು ಕಣ್ಣು ಮುಚ್ಚುವುದು. ನಾಲ್ಕನೆಯ ಭಾಗ ಹಾಗೆಯೇ ಸಾಗಿತು. ಒಂದು ಜಗಳಕ್ಕೆ ಒಂದು ಸಂಜೆ. ಚಳಿಗಾಲದಲ್ಲಿ ಉಸಿರು ಕಟ್ಟತೊಡಗಿದಾಗ ಡಾಕ್ಟರು ಗಂಟಲಿಗೆ ರಂಧ್ರ ಮಾಡಿ ಯಂತ್ರ ಹಾಕಬಹುದು ಎಂದರು. ಸೂಜಕ್ಕ ರಟ್ಟು ಹಿಡಿದಳು. ಬೆರಳು ಬೇಕೆಂದೇ ನಿಧಾನವಾಗಿ ಸರಿಯಿತು. ಅವನು ಎರಡೇ ಅಕ್ಷರಕ್ಕೆ ಕಣ್ಣು ಮುಚ್ಚಿದ: ಬೇಡ.

"ಇನ್ನೊಂದ್ಸಲ ಕೇಳ್ತೀನಿ" ಎಂದಳು.

ಮತ್ತೆ ಅದೇ ಎರಡು ಅಕ್ಷರ. ಡಾಕ್ಟರು ಚಾಚಿದ ಕಾಗದಕ್ಕೆ ಅವಳು ಸಹಿ ಹಾಕಿದಳು.

ಹನ್ನೆರಡು ದಿನಗಳ ನಂತರ, ಒಂದು ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವನು ಹೋದ. ಅವಳು ಕಿಟಕಿಯ ಬಳಿ ಅವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಉಸಿರಿನ ಸದ್ದು ನಿಂತದ್ದು ತಕ್ಷಣ ಗೊತ್ತಾಗಲಿಲ್ಲ. ಹೊರಗೆ ಯಾರೋ ನೀರಿನ ಪೈಪಿಗೆಂದು ರಸ್ತೆ ಕೊರೆಯುತ್ತಿದ್ದರು. ಆ ಸದ್ದನ್ನು ಅವಳು ಇಂದಿಗೂ ಕ್ಷಮಿಸಿಲ್ಲ.

ಬಾಡಿಗೆಗೆ ತಂದಿದ್ದ ಮಂಚ ವಾಪಸು ಹೋಯಿತು. ಸೂಜಕ್ಕ ಮತ್ತೆ ಪೂರ್ತಿ ಪಾಳಿಗೆ ಬಂದಳು. ಮೂರು ತಿಂಗಳು ಆ ಯಂತ್ರವನ್ನು ಮುಟ್ಟಲಿಲ್ಲ. ಆಮೇಲೆ ಕೂತು, ತಾನೇ ಲೆಕ್ಕ ಹಾಕಿ, ಹತ್ತಾರು ಸಲ ಸೋತು ನಾಲ್ಕನೆಯ ಭಾಗ ಮುಗಿಸಿದಳು. ಸಮಾಧಾನವೇನೂ ಆಗಲಿಲ್ಲ. ಗೆದ್ದಾಗ ತಿರುಗಿ ನೋಡಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಮೊದಲ ನಾಲ್ಕರಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲಿತ್ತು; ಐದನೆಯ ಡಿಸ್ಕು ಹಾಕಿದಾಗ ಅದರಲ್ಲಿ ಬರೀ ಜಪಾನಿ ಅಕ್ಷರ. ಆ ಹೊತ್ತಿಗೆ ಸರಣಿ ಯಾರಿಗೂ ಬೇಡವಾಗಿ, ಕೊನೆಯ ಭಾಗವನ್ನು ಯಾರೂ ಬೇರೆ ಭಾಷೆಗೆ ತಂದಿರಲಿಲ್ಲ. ತಮ್ಮನಿಗೆ ಅದು ಗೊತ್ತಿತ್ತೋ ಇಲ್ಲವೋ, ಕೇಳುವ ದಾರಿಯಿಲ್ಲ. ಈಗ ರಜೆಯ ದಿನ ಅವಳು ಆ ನಾಡಿನಲ್ಲಿ ನಡೆಯುತ್ತಾಳೆ. ಊರಿನವರು ಒಬ್ಬೊಬ್ಬರಾಗಿ ಎದುರು ನಿಂತು ಏನೇನೋ ಹೇಳುತ್ತಾರೆ. ಏನೋ ಆಗಿದೆ, ಎಲ್ಲರ ಮಾತೂ ಬದಲಾಗಿದೆ ಎಂಬಷ್ಟು ಗೊತ್ತಾಗುತ್ತದೆ, ಏನಾಯಿತೆಂದು ಗೊತ್ತಾಗುವುದಿಲ್ಲ. ಮುರಿದ ಒಂದು ಸೇತುವೆಯ ಹತ್ತಿರ ಅವಳು ಎಂಟು ತಿಂಗಳಿಂದ ಸಿಕ್ಕಿಕೊಂಡಿದ್ದಾಳೆ.